ಕಾಣುವ ದೀಪಕ್ಕೆ ದುಡ್ಡು, ಕಾಣದ ಎಸ್‌ಎಂಪಿಎಸ್‌ಗೆ ಚಿಲ್ಲರೆ: ಕಂಪ್ಯೂಟರ್ ಕಟ್ಟಿಸುವ ಮುನ್ನ

ಈ ಜನವರಿಯಲ್ಲಿ ಚಿಕ್ಕಮ್ಮನ ಮಗಳು ವಾಟ್ಸಾಪ್‌ನಲ್ಲಿ ಒಂದು ಕೊಟೇಶನ್ ಫೋಟೊ ಕಳಿಸಿದಳು. ಅವಳದು ಅರಕಲಗೂಡು ಕಡೆಯ ಹಳ್ಳಿ. ಅವಳೂ ಇಬ್ಬರು ಗೆಳತಿಯರೂ ಸೇರಿ ಊರಿನ ಸುದ್ದಿಗಳನ್ನ ವಿಡಿಯೊ ಮಾಡ್ತಾರೆ. ಕೆರೆ ಒತ್ತುವರಿ, ನರೇಗಾ ಕೂಲಿ ಬಾಕಿ, ಆನೆ ದಾಳಿಯ ಪರಿಹಾರ ಇಂಥವು. ಇಷ್ಟು ದಿನ ಫೋನಲ್ಲೇ ಎಡಿಟ್ ಮಾಡ್ತಿದ್ದರು. ಈಗ ಟ್ಯೂಷನ್ ದುಡ್ಡು, ಉಳಿತಾಯ, ಜೊತೆಗೆ ಅಮ್ಮನ ಹೆಸರಲ್ಲಿ ಸಂಘದಿಂದ ತೆಗೆದ ಸಾಲ, ಎಲ್ಲ ಸೇರಿಸಿ 58 ಸಾವಿರ ಒಟ್ಟುಮಾಡಿದ್ದರು.

ಕೊಟೇಶನ್‌ನಲ್ಲಿ ಇದ್ದದ್ದು ಇಷ್ಟು: ಐ7 ಪ್ರೊಸೆಸರ್, 16 ಜಿಬಿ ರ್‍ಯಾಮ್, 500 ಜಿಬಿ ಎಸ್‌ಎಸ್‌ಡಿ, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಬಣ್ಣದ ಲೈಟಿರುವ ಗೇಮಿಂಗ್ ಕ್ಯಾಬಿನೆಟ್, 500 ವ್ಯಾಟ್ ಪವರ್ ಸಪ್ಲೈ. ಒಟ್ಟು 38 ಸಾವಿರ.

‘ಅಣ್ಣ, ಐ7 ಅಂತೆ. ಇನ್ನೂ 20 ಸಾವಿರ ಉಳಿಯುತ್ತೆ, ಕ್ಯಾಮೆರಾ ತಗೋಬಹುದು. ಅಡ್ವಾನ್ಸ್ ಕೊಟ್ಟುಬಿಡ್ಲಾ?’

ಕೊಡಬೇಡ, ಸ್ವಲ್ಪ ತಡಿ ಅಂದೆ. ಯಾಕೆ ಅಂದೆ ಅನ್ನೋದಕ್ಕೆ ನನ್ನದೇ ಒಂದು ಕಥೆ ಇದೆ.

2019ರಲ್ಲಿ ನಾನು ಬೆಂಗಳೂರಿನ ಒಂದು ಅಂಗಡಿಯಲ್ಲಿ ಕಂಪ್ಯೂಟರ್ ಅಸೆಂಬಲ್ ಮಾಡಿಸಿದ್ದೆ. ಪ್ರೊಸೆಸರ್ ಚೆನ್ನಾಗಿರೋದೇ ತಗೊಂಡೆ, ಬೋರ್ಡೂ ಚೆನ್ನಾಗಿತ್ತು. ದುಡ್ಡು ಸಾಲದೆ ಬಂದಾಗ ಅಂಗಡಿಯವರು ‘ಎಸ್‌ಎಂಪಿಎಸ್ ಲೋಕಲ್ ಹಾಕ್ಕೊಡ್ತೀನಿ ಸಾರ್, ಏನೂ ಆಗಲ್ಲ, ಎಲ್ರೂ ಇದನ್ನೇ ಹಾಕ್ಸೋದು’ ಅಂದರು. ಕ್ಯಾಬಿನೆಟ್ ಜೊತೆ ಬಿಟ್ಟಿಯಾಗಿ ಬರುವ ಡಬ್ಬ ಅದು. ಒಪ್ಪಿಕೊಂಡೆ. ಎರಡು ವರ್ಷ ನಿಜವಾಗಿಯೂ ಏನೂ ಆಗಲಿಲ್ಲ. 2021ರ ಮಳೆಗಾಲದಲ್ಲಿ, ಊರಲ್ಲಿದ್ದಾಗ, ಕರೆಂಟ್ ಹೋಗಿ ಬಂತು. ‘ಟಪ್’ ಅಂತ ಶಬ್ದ, ಸುಟ್ಟ ವಾಸನೆ. ಎಸ್‌ಎಂಪಿಎಸ್ ಒಂದೇ ಹೋಗಿದ್ದರೆ ಸಾವಿರ ರೂಪಾಯಿ ಮಾತು. ಅದು ಬೋರ್ಡನ್ನೂ ಹಾರ್ಡ್ ಡಿಸ್ಕನ್ನೂ ಜೊತೆಗೇ ಕರ್ಕೊಂಡು ಹೋಯ್ತು.

ಆ ಹಾರ್ಡ್ ಡಿಸ್ಕಿನಲ್ಲಿ ಎರಡು ವರ್ಷ ಓಡಾಡಿ ನಾವು ಮೂವರು ಗೆಳೆಯರು ರೆಕಾರ್ಡ್ ಮಾಡಿದ 43 ಸಂದರ್ಶನ ಇದ್ದವು. ಬಗರ್‌ಹುಕುಂ ಸಾಗುವಳಿದಾರರು ಫಾರಂ 50, 53, 57 ಅಂತ ಅರ್ಜಿ ಹಾಕುತ್ತಾ ತಾಲ್ಲೂಕು ಕಚೇರಿಗೆ ಅಲೆದ ಕಥೆಗಳು. ಬೇರೆ ಪ್ರತಿ ಇರಲಿಲ್ಲ. ಡೇಟಾ ರಿಕವರಿಯವರು ಕೇಳಿದಷ್ಟು ದುಡ್ಡು ನಮ್ಮ ಹತ್ರ ಇರಲಿಲ್ಲ. ಅವತ್ತು ಮಾತಾಡಿದವರಲ್ಲಿ ಕೆಲವರು ಈಗ ಬದುಕಿಲ್ಲ.

ಹಾಗಾಗಿ ಇದು ‘ಬೆಸ್ಟ್ ಪಿಸಿ ಬಿಲ್ಡ್’ ಪಟ್ಟಿ ಅಲ್ಲ. ಅಂಥ ವಿಡಿಯೊ ಯೂಟ್ಯೂಬ್ ತುಂಬಾ ಇವೆ, ಬಹುಪಾಲು ಆಟ ಆಡೋರಿಗೆ ಮಾಡಿದ್ದು. ಕಡಿಮೆ ದುಡ್ಡಲ್ಲಿ, ಕರೆಂಟ್ ಸರಿಯಿಲ್ಲದ ಊರಲ್ಲಿ, ಕಳಕೊಳ್ಳಲಾಗದ ಕೆಲಸ ಮಾಡೋರು ಕಂಪ್ಯೂಟರ್ ಕಟ್ಟಿಸೋವಾಗ ಯಾವ ಪಾರ್ಟಿಗೆ ಎಷ್ಟು ಕೊಡಬೇಕು ಅನ್ನೋ ಲೆಕ್ಕ ಇದು.

ಯಾವ ಐ7?

ಮೊದಲು ತಂಗಿಗೆ ಹೇಳಿದ್ದು, ಅಂಗಡಿಗೆ ಫೋನ್ ಮಾಡಿ ಪ್ರೊಸೆಸರಿನ ಪೂರ್ತಿ ನಂಬರ್ ಕೇಳು ಅಂತ. ಎರಡು ಸಲ ಕೇಳಿದ ಮೇಲೆ ಉತ್ತರ ಬಂತು: ಐ7 3770.

ಇಂಟೆಲ್ ಕೋರ್ ಸರಣಿಯ ನಂಬರನ್ನ ಓದೋದು ಕಷ್ಟ ಅಲ್ಲ. ಐ3, ಐ5, ಐ7 ಅನ್ನೋದು ಆಯಾ ವರ್ಷದ ಮಾಲಿನೊಳಗೆ ಅದರ ಸ್ಥಾನ ಅಷ್ಟೆ. ಅದರ ಮುಂದಿನ ನಂಬರಿನ ಕೊನೆಯ ಮೂರು ಅಂಕಿ ಬಿಟ್ಟು ಉಳಿದದ್ದು ತಲೆಮಾರು. 3770 ಅಂದರೆ ಮೂರನೇ ತಲೆಮಾರು, 2012ರಲ್ಲಿ ಬಂದದ್ದು. 12400 ಅಂದರೆ ಹನ್ನೆರಡನೇ ತಲೆಮಾರು, 2022ರ ಆರಂಭದಲ್ಲಿ ಬಂದದ್ದು. ಇವತ್ತಿನ ಐ3 ಕೂಡ ಆ 2012ರ ಐ7ಗಿಂತ ವೇಗವಾಗಿರುತ್ತೆ. ನಂಬರಿನ ಕೊನೆಯಲ್ಲಿ ‘ಎಫ್’ ಇದ್ದರೆ ಅದರಲ್ಲಿ ಗ್ರಾಫಿಕ್ಸ್ ಭಾಗ ಇಲ್ಲ, ಬೇರೆ ಕಾರ್ಡ್ ಹಾಕದೆ ಪರದೆಯಲ್ಲಿ ಏನೂ ಕಾಣಲ್ಲ ಅಂತ ಅರ್ಥ.

ಹಳೇ ಆಫೀಸ್ ಕಂಪ್ಯೂಟರುಗಳಿಂದ ಬಿಚ್ಚಿದ ಪ್ರೊಸೆಸರಿಗೆ ಹೊಸದಾಗಿ ತಯಾರಾದ ಅಗ್ಗದ ಬೋರ್ಡ್ ಜೋಡಿಸಿ, ಗಾಜಿನ ಕ್ಯಾಬಿನೆಟ್‌ನಲ್ಲಿ ಕೂರಿಸಿ ‘ಐ7 ಗೇಮಿಂಗ್ ಪಿಸಿ’ ಅಂತ ಮಾರೋದು ಆನ್‌ಲೈನಲ್ಲೂ ಇದೆ, ಅಂಗಡಿಗಳಲ್ಲೂ ಇದೆ. ಹಳೇದು ಮಾರೋದು ತಪ್ಪಲ್ಲ. ಟೈಪಿಂಗ್, ಓದು, ಇಂಟರ್ನೆಟ್ಟಿಗೆ ಕಡಿಮೆ ಬೆಲೆಯಲ್ಲಿ ಹಳೇದು ತಗೊಳ್ಳೋದು ಜಾಣತನವೇ. ಆದರೆ ಹಳೇದು ಅಂತ ಹೇಳಿ ಮಾರಬೇಕು. ಇದರಲ್ಲಿ ಇನ್ನೊಂದು ತೊಡಕೂ ಇದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಲ್ಲಿಸಿತು. ವಿಂಡೋಸ್ 11ರ ಅಧಿಕೃತ ಪಟ್ಟಿ ಶುರುವಾಗೋದೇ, ಒಂದೆರಡು ಅಪವಾದ ಬಿಟ್ಟರೆ, ಇಂಟೆಲ್‌ನ ಎಂಟನೇ ತಲೆಮಾರಿನಿಂದ. ಆ ಐ7 ಮೊದಲ ದಿನದಿಂದಲೇ ಪಟ್ಟಿಯ ಹೊರಗೆ.

‘4 ಜಿಬಿ ಗ್ರಾಫಿಕ್ಸ್ ಕಾರ್ಡ್’ ಅನ್ನೋದೂ ಅದೇ ಥರದ ಮಾತು. 2014ರಲ್ಲಿ ಬಂದ ಜಿಟಿ 730 ಕಾರ್ಡಿನಲ್ಲೂ 4 ಜಿಬಿ ಮಾದರಿ ಇದೆ. ಜಿಬಿ ಅನ್ನೋದು ಕಾರ್ಡಿನ ಮೆಮೊರಿ ಅಳತೆ, ಅದರ ಶಕ್ತಿಯ ಅಳತೆ ಅಲ್ಲ.

ಮೊದಲು ಕೆಲಸ ಹೇಳಿ, ಆಮೇಲೆ ಪಾರ್ಟು

ತಂಗಿಯನ್ನ ಕೇಳಿದೆ, ದಿನಾ ಏನು ಮಾಡ್ತೀಯ ಅಂತ. ಫೋನಲ್ಲಿ ತೆಗೆದ ವಿಡಿಯೊ ಕತ್ತರಿಸೋದು, ಕನ್ನಡ ಸಬ್‌ಟೈಟಲ್ ಹಾಕೋದು, ದನಿ ಸರಿಮಾಡೋದು, ಅಪ್‌ಲೋಡ್. ಗೇಮ್ ಇಲ್ಲ, ತ್ರೀಡಿ ಇಲ್ಲ.

ಈ ಕೆಲಸಕ್ಕೆ ಬೇರೆ ಗ್ರಾಫಿಕ್ಸ್ ಕಾರ್ಡ್ ಬೇಕಾಗಿಲ್ಲ. ‘ಎಫ್’ ಇಲ್ಲದ ಇಂಟೆಲ್ ಪ್ರೊಸೆಸರುಗಳ ಒಳಗಿರುವ ಗ್ರಾಫಿಕ್ಸ್ ಭಾಗದಲ್ಲಿ ವಿಡಿಯೊ ಬಿಡಿಸೋಕೆ, ಮತ್ತೆ ಕಟ್ಟೋಕೆ ಅಂತಲೇ ಪ್ರತ್ಯೇಕ ಸರ್ಕ್ಯೂಟ್ ಇರುತ್ತೆ, ಹೆಸರು ಕ್ವಿಕ್ ಸಿಂಕ್. ಫೋನುಗಳು ಜಾಗ ಉಳಿಸೋಕೆ ವಿಡಿಯೊವನ್ನ ತುಂಬಾ ಒತ್ತಿ ಇಡ್ತವೆ. ಅದನ್ನ ಪ್ರತಿ ಸಲ ಬಿಡಿಸಿ ತೋರಿಸೋದೇ ಎಡಿಟಿಂಗಿನ ಅರ್ಧ ಭಾರ. ಆ ಭಾರವನ್ನ ಈ ಸರ್ಕ್ಯೂಟ್ ಹೊರುತ್ತೆ. ಅದಕ್ಕೇ ನಾವು ಐ5 12400 ಆರಿಸಿದೆವು. ಆರು ಕೋರ್, ಹನ್ನೆರಡು ಥ್ರೆಡ್, ಗ್ರಾಫಿಕ್ಸ್ ಒಳಗೇ ಇದೆ. ಇದರದೇ ‘ಎಫ್’ ಮಾದರಿ ಒಂದೆರಡು ಸಾವಿರ ಕಮ್ಮಿಗೆ ಸಿಗುತ್ತೆ, ಅಂಗಡಿಯಲ್ಲಿ ಅದನ್ನೇ ಮುಂದಿಡ್ತಾರೆ. ಬೇಡ ಅಂದೆವು.

ಇಷ್ಟಾದರೂ ಟೈಮ್‌ಲೈನ್ ತಡವರಿಸಿದರೆ ದುಡ್ಡಿಲ್ಲದ ಒಂದು ಉಪಾಯ ಇದೆ: ಪ್ರಾಕ್ಸಿ. ಎಡಿಟಿಂಗ್ ಸಾಫ್ಟ್‌ವೇರೇ ಮೂಲ ವಿಡಿಯೊದ ಹಗುರ ಪ್ರತಿ ಮಾಡಿಕೊಳ್ಳುತ್ತೆ. ಕತ್ತರಿಸೋ ಕೆಲಸ ಹಗುರ ಪ್ರತಿಯ ಮೇಲೆ, ಕೊನೆಯ ರೆಂಡರ್ ಮೂಲದಿಂದ. ಕೆಡೆನ್‌ಲೈವ್ ಥರದ ಉಚಿತ ಸಾಫ್ಟ್‌ವೇರಲ್ಲೂ ಇದು ಇದೆ. 20 ಸಾವಿರದ ಕಾರ್ಡಿಗೆ ಮುಂಚೆ ಇದನ್ನ ಒಂದು ವಾರ ಪ್ರಯತ್ನಿಸಿ ನೋಡಿ.

ಬೋರ್ಡು: ನಾಳೆಗೆ ಬಾಗಿಲು ಇದೆಯಾ?

ಮದರ್‌ಬೋರ್ಡ್ ಆರಿಸೋದು ಅಂದರೆ ಮುಂದೆ ಏನೇನು ಬದಲಿಸಬಹುದು ಅಂತ ಈಗಲೇ ತೀರ್ಮಾನ ಮಾಡೋದು. ಪ್ರೊಸೆಸರ್ ಕೂರುವ ಜಾಗಕ್ಕೆ ಸಾಕೆಟ್ ಅಂತಾರೆ. ಇಂಟೆಲ್‌ನ 12, 13, 14ನೇ ತಲೆಮಾರುಗಳಿಗೆ ಒಂದೇ ಸಾಕೆಟ್ಟು, ಎಲ್‌ಜಿಎ 1700. 2024ರ ಅಕ್ಟೋಬರಿನಲ್ಲಿ ಬಂದ ಕೋರ್ ಅಲ್ಟ್ರಾ 200 ಸರಣಿಗೆ ಅದು ಆಗಲ್ಲ, ಬೇರೆ ಬೋರ್ಡೇ ಬೇಕು. ಎಎಂಡಿ ಈ ವಿಷಯದಲ್ಲಿ ಸ್ವಲ್ಪ ಉದಾರಿ. 2017ರಲ್ಲಿ ಮೊದಲ ರೈಜನ್ ಕೂತ ಎಎಂ4 ಸಾಕೆಟ್ಟಿಗೆ ಹಲವು ವರ್ಷ ಹೊಸ ಪ್ರೊಸೆಸರ್ ಕೊಡ್ತಾ ಬಂತು. 2022ರ ಎಎಂ5 ಸಾಕೆಟ್ಟಿಗೆ 2027ರವರೆಗಾದರೂ ಬೆಂಬಲ ಇದೆ ಅಂತ ಹೇಳಿದೆ.

ಹಾಗಾದ್ರೆ ಎಎಂ5 ತಗೋಬೇಕಿತ್ತಲ್ವಾ ಅಂತ ನೀವು ಕೇಳಬಹುದು. ಕೈಲಿ ದುಡ್ಡಿದ್ದರೆ ನಾನೂ ಅದನ್ನೇ ಹೇಳ್ತಿದ್ದೆ. ಆದರೆ ಎಎಂ5ಗೆ ಡಿಡಿಆರ್5 ರ್‍ಯಾಮ್ ಮಾತ್ರ ಆಗುತ್ತೆ. ಈಗಿನ ಬೆಲೆಯಲ್ಲಿ ಅದು ನಮ್ಮ ಲೆಕ್ಕವನ್ನೇ ತಲೆಕೆಳಗು ಮಾಡ್ತಿತ್ತು. ಎಲ್‌ಜಿಎ 1700ರಲ್ಲಿ ಡಿಡಿಆರ್4 ಬೋರ್ಡೂ ಇವೆ, ಡಿಡಿಆರ್5 ಬೋರ್ಡೂ ಇವೆ. ಎರಡರ ಕಡ್ಡಿಯಲ್ಲಿ ಕಚ್ಚು ಬೇರೆ ಬೇರೆ ಕಡೆ ಇರುತ್ತೆ, ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ. ಬೋರ್ಡಿನ ಹೆಸರಲ್ಲಿ ಯಾವುದಿದೆ ಅಂತ ನೋಡದೆ ರ್‍ಯಾಮ್ ತಗೋಬೇಡಿ.

ನಾವು ನಾಲ್ಕು ರ್‍ಯಾಮ್ ಸ್ಲಾಟ್ ಇರುವ ಬಿ760 ಬೋರ್ಡ್ ತಗೊಂಡೆವು. ಎರಡು ಸ್ಲಾಟಿನ ಎಚ್610 ಎರಡು ಸಾವಿರ ಕಮ್ಮಿ ಇತ್ತು. ಆದರೆ ಎರಡರಲ್ಲೂ ಕಡ್ಡಿ ತುಂಬಿದ ಮೇಲೆ, ಮುಂದೆ ಹೆಚ್ಚಿಸಬೇಕಾದರೆ ಇರೋದನ್ನ ತೆಗೆದು ಮಾರಬೇಕು.

ರ್‍ಯಾಮಿನ ಬೆಲೆ ಯಾರು ಏರಿಸಿದ್ದು?

ಎಸ್‌ಪಿ ರಸ್ತೆಯಲ್ಲಿ ನಾವು ಹೆಚ್ಚು ಹೊತ್ತು ನಿಂತದ್ದು ರ್‍ಯಾಮಿನ ಮುಂದೆ. ‘ಹೋದ ವರ್ಷ ಇದೇ ಕಡ್ಡಿ ಇದರ ಅರ್ಧಕ್ಕೂ ಕಮ್ಮಿಗೆ ಕೊಟ್ಟಿದ್ದೀನಿ ಸಾರ್, ನಾನೇನು ಮಾಡ್ಲಿ’ ಅಂದರು ಅಂಗಡಿಯವರು. ಅವರು ಸುಳ್ಳು ಹೇಳಲಿಲ್ಲ.

ಪ್ರಪಂಚದ ಮೆಮೊರಿ ಚಿಪ್ಪುಗಳಲ್ಲಿ ಬಹುಪಾಲು ತಯಾರಾಗೋದು ಮೂರು ಕಂಪನಿಗಳಲ್ಲಿ: ಕೊರಿಯಾದ ಸ್ಯಾಮ್‌ಸಂಗ್ ಮತ್ತು ಎಸ್‌ಕೆ ಹೈನಿಕ್ಸ್, ಅಮೆರಿಕದ ಮೈಕ್ರಾನ್. ರ್‍ಯಾಮ್ ಕಡ್ಡಿಯ ಮೇಲೆ ಯಾವ ಬ್ರಾಂಡ್ ಹೆಸರಿದ್ದರೂ ಒಳಗಿನ ಚಿಪ್ಪು ಸಾಮಾನ್ಯವಾಗಿ ಈ ಮೂವರಲ್ಲಿ ಒಬ್ಬರದು. ಎಐ ಡೇಟಾ ಸೆಂಟರುಗಳಿಗೆ ಬೇಕಾದ ದುಬಾರಿ ಮೆಮೊರಿಯಲ್ಲಿ ಲಾಭ ಹೆಚ್ಚು. ಹಾಗಾಗಿ ಕಾರ್ಖಾನೆಗಳು ಆ ಕಡೆ ತಿರುಗಿದವು. 2025ರ ಕೊನೆಯ ತಿಂಗಳುಗಳಲ್ಲಿ ನಮ್ಮಂಥವರು ಕೊಳ್ಳುವ ರ್‍ಯಾಮಿನ ಬೆಲೆ ಜಿಗಿಯಿತು. ಡಿಸೆಂಬರ್ 3ರಂದು ಮೈಕ್ರಾನ್ ತನ್ನ ‘ಕ್ರೂಷಿಯಲ್’ ಬ್ರಾಂಡಿನ ಗ್ರಾಹಕ ವ್ಯಾಪಾರದಿಂದಲೇ ಹೊರಗೆ ಬರ್ತೀವಿ ಅಂತ ಘೋಷಿಸಿತು. ಎಸ್‌ಎಸ್‌ಡಿ ಒಳಗಿರುವುದೂ ಮೆಮೊರಿ ಚಿಪ್ಪೇ, ಅದರ ಬೆಲೆಯೂ ಹಿಂದೆಯೇ ಏರಿತು.

ಇದನ್ನ ಯಾಕೆ ಹೇಳ್ತಿದ್ದೀನಿ ಅಂದರೆ, ಅರಕಲಗೂಡಿನ ಮೂವರು ಹುಡುಗಿಯರು ಸಂಘದ ಸಾಲಕ್ಕೆ ವಾರವಾರ ಕಟ್ಟುವ ಕಂತಿನಲ್ಲಿ ಎಐ ಕಂಪನಿಗಳ ಪೈಪೋಟಿಯ ಪಾಲೂ ಸೇರಿಕೊಂಡಿದೆ. ನಮ್ಮಲ್ಲಿ ಸೆಮಿಕಂಡಕ್ಟರ್ ಕ್ರಾಂತಿ ಅಂತ ದೊಡ್ಡ ಜಾಹೀರಾತುಗಳು ಬರ್ತಿವೆ. 2023ರಲ್ಲಿ ಘೋಷಣೆಯಾದ ಗುಜರಾತಿನ ಸಾಣಂದದ ಮೈಕ್ರಾನ್ ಘಟಕ ಬೇರೆ ಕಡೆ ತಯಾರಾದ ಚಿಪ್ಪನ್ನ ಜೋಡಿಸಿ, ಪರೀಕ್ಷಿಸಿ, ಪ್ಯಾಕ್ ಮಾಡುವ ಘಟಕ. ಉದ್ಯೋಗದ ದೃಷ್ಟಿಯಿಂದ ಅದಕ್ಕೆ ಬೆಲೆ ಇದೆ. ಆದರೆ ಎಸ್‌ಪಿ ರಸ್ತೆಯ ರ್‍ಯಾಮಿನ ದರ ಅದರಿಂದ ನಿರ್ಧಾರ ಆಗಲ್ಲ.

ಹಾಗಾದರೆ ನಾವು ಮಾಡಬಹುದಾದದ್ದು? ಈಗ ಬೇಕಾದಷ್ಟು ಮಾತ್ರ ಹಾಕಿಸಿ, ಸ್ಲಾಟ್ ಖಾಲಿ ಬಿಡೋದು. 8 ಜಿಬಿಯ ಎರಡು ಕಡ್ಡಿ ಹಾಕಿಸಿದೆವು. ಒಂದೇ 16 ಜಿಬಿ ಕಡ್ಡಿಗಿಂತ ಎರಡು 8 ಜಿಬಿ ಒಳ್ಳೆಯದು, ಯಾಕಂದರೆ ಎರಡು ದಾರಿಯಲ್ಲಿ ಒಟ್ಟಿಗೆ ಡೇಟಾ ಓಡಾಡುತ್ತೆ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸ್ ಇದೇ ರ್‍ಯಾಮನ್ನ ಹಂಚಿಕೊಳ್ಳೋದರಿಂದ ಅದಕ್ಕೂ ಲಾಭ.

ಎಸ್‌ಎಂಪಿಎಸ್: ಯಾರೂ ಕೇಳದ ಡಬ್ಬ

ಈಗ ನನ್ನನ್ನ ಸುಟ್ಟ ಪಾರ್ಟಿಗೆ ಬರೋಣ. ಗೋಡೆಯ 230 ವೋಲ್ಟನ್ನ ಕಂಪ್ಯೂಟರಿಗೆ ಬೇಕಾದ 12, 5, 3.3 ವೋಲ್ಟಿಗೆ ಇಳಿಸಿ ಕೊಡೋದು ಎಸ್‌ಎಂಪಿಎಸ್. ಪ್ರತಿ ಪಾರ್ಟಿಗೂ ಕರೆಂಟ್ ಹೋಗೋದು ಇದರ ಮೂಲಕವೇ. ಇದು ಕೆಟ್ಟದಾಗಿ ಸತ್ತರೆ ಉಳಿದವನ್ನೂ ಎಳೆದುಕೊಂಡು ಹೋಗಬಹುದು.

ನೋಡಬೇಕಾದ್ದು ಮೂರು.

ಒಂದು, ಪಕ್ಕದಲ್ಲಿ ಅಂಟಿಸಿದ ಚೀಟಿ. ಡಬ್ಬದ ಮೇಲೆ ದೊಡ್ಡದಾಗಿ 450, 500 ಅಂತ ಬರೆದಿರುತ್ತೆ. ಚೀಟಿಯಲ್ಲಿ 12 ವೋಲ್ಟಿನ ಸಾಲು ಹುಡುಕಿ, ಅಲ್ಲಿರುವ ಆಂಪಿಯರನ್ನ 12ರಿಂದ ಗುಣಿಸಿ. ಇವತ್ತಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಎಲ್ಲ ಕರೆಂಟ್ ಎಳೆಯೋದು ಮುಖ್ಯವಾಗಿ ಅಲ್ಲಿಂದ. 16 ಆಂಪಿಯರ್ ಅಂತಿದ್ದರೆ ಅದು 192 ವ್ಯಾಟ್. ಒಳ್ಳೆಯ 550 ವ್ಯಾಟ್ ಎಸ್‌ಎಂಪಿಎಸ್‌ನಲ್ಲಿ ಈ ಗುಣಾಕಾರ ಹೆಚ್ಚುಕಮ್ಮಿ ಹೆಸರಿನ ಹತ್ತಿರಕ್ಕೇ ಬರುತ್ತೆ. ತಂಗಿಯ ಕೊಟೇಶನ್‌ನ 500 ವ್ಯಾಟಿನ ಚೀಟಿಯ ಫೋಟೊ ತರಿಸಿ ಲೆಕ್ಕ ಹಾಕಿದೆವು. 200 ದಾಟಲಿಲ್ಲ.

ಎರಡು, 80 ಪ್ಲಸ್ ಮುದ್ರೆ. ಗೋಡೆಯಿಂದ ಎಳೆದ ಕರೆಂಟಿನಲ್ಲಿ ಎಷ್ಟು ಪಾಲು ಉಪಯೋಗಕ್ಕೆ ಬರುತ್ತೆ, ಎಷ್ಟು ಬಿಸಿಯಾಗಿ ಹೋಗುತ್ತೆ ಅಂತ ಅದು ಹೇಳುತ್ತೆ. ಬ್ರಾಂಜ್ ಸಾಕು, ಗೋಲ್ಡ್ ಬೇಕಾಗಿಲ್ಲ. ಆದರೆ ಆ ಮುದ್ರೆ ಸುರಕ್ಷತೆಯ ಮುದ್ರೆ ಅಲ್ಲ.

ಅದಕ್ಕೇ ಮೂರನೆಯದು, ರಕ್ಷಣೆ. ವೋಲ್ಟೇಜ್ ಮೀರಿದರೆ, ಶಾರ್ಟ್ ಆದರೆ, ಭಾರ ಹೆಚ್ಚಾದರೆ ತಾನೇ ಆಫ್ ಆಗುವ ವ್ಯವಸ್ಥೆ. ಒವಿಪಿ, ಎಸ್‌ಸಿಪಿ, ಒಪಿಪಿ ಅಂತ ಪೆಟ್ಟಿಗೆಯ ಮೇಲೆ ಬರೆದಿರುತ್ತೆ. ಇವು ಇರಬೇಕು, ಜೊತೆಗೆ ಕನಿಷ್ಠ ಮೂರು ವರ್ಷದ ವಾರಂಟಿ ಇರಬೇಕು.

ನಮ್ಮ ಕಂಪ್ಯೂಟರಿಗೆ ಎಷ್ಟು ವ್ಯಾಟ್ ಬೇಕು? ಐ5 12400 ಜಾಸ್ತಿ ಓಡಿದಾಗ ಎಳೆಯೋದು 117 ವ್ಯಾಟ್. ಬೋರ್ಡು, ಡಿಸ್ಕು, ಫ್ಯಾನು ಸೇರಿಸಿದರೂ 200ರೊಳಗೆ. 450 ಸಾಕಿತ್ತು. ಮುಂದೆ ಕಾರ್ಡ್ ಹಾಕಬೇಕಾದರೆ ಇರಲಿ ಅಂತ 550 ತಗೊಂಡೆವು. 750, 850 ಅಂತ ಹೇಳೋರ ಮಾತು ಕೇಳಬೇಡಿ.

ಮೂರನೇ ಪಿನ್ನು

ಇದು ಯಾವ ಯೂಟ್ಯೂಬ್ ವಿಡಿಯೊದಲ್ಲೂ ಇರಲ್ಲ. ನಿಮ್ಮ ಮನೆಯಲ್ಲಿ ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತಾ? ಬರಿಗಾಲಲ್ಲಿ ನಿಂತು ಯುಎಸ್‌ಬಿ ಚುಚ್ಚುವಾಗ ಚುರುಕ್ ಅಂತಾ? ಹಾಗಿದ್ದರೆ ಅರ್ಥಿಂಗ್ ಇಲ್ಲದೇ ಇರುವ ಸಾಧ್ಯತೆ ಹೆಚ್ಚು. ಎಸ್‌ಎಂಪಿಎಸ್‌ನ ಒಳಗೆ ಗದ್ದಲ ಸೋಸುವ ಫಿಲ್ಟರ್ ಇರುತ್ತೆ, ಅದು ಚೂರು ಕರೆಂಟನ್ನ ಅರ್ಥ್ ವೈರಿಗೆ ಬಿಡುತ್ತೆ. ಆ ವೈರ್ ಎಲ್ಲೂ ಹೋಗದಿದ್ದರೆ ಅದು ಕ್ಯಾಬಿನೆಟ್ಟಿನಲ್ಲೇ ಉಳಿದು ನಿಮ್ಮ ಕೈಗೆ ತಾಗುತ್ತೆ. ‘ಕಂಪ್ಯೂಟರ್ ಅಂದ್ರೆ ಅಷ್ಟೇ ಬಿಡಿ’ ಅಂತ ಎಷ್ಟೋ ಜನ ಅಂದುಕೊಂಡಿದ್ದಾರೆ. ಅಷ್ಟೇ ಅಲ್ಲ. ಬೇರೆ ಏನಾದರೂ ಸೋರಿಕೆ ಆದರೆ ಅದೇ ಕ್ಯಾಬಿನೆಟ್ಟು ಪ್ರಾಣಕ್ಕೇ ಅಪಾಯ.

ಚಿಕ್ಕಮ್ಮನ ಮನೆಯಲ್ಲಿ ಸ್ವಿಚ್‌ಬೋರ್ಡ್ ಬಿಚ್ಚಿಸಿ ನೋಡಿದರೆ ಮೂರನೇ ಪಿನ್ನಿಗೆ ವೈರೇ ಇರಲಿಲ್ಲ. ತೂತು ಇತ್ತು, ಹಿಂದೆ ಏನೂ ಇಲ್ಲ. ಎಲೆಕ್ಟ್ರಿಷಿಯನ್ ಕರೆಸಿ ಮೀಟರ್ ಹತ್ತಿರದ ಅರ್ಥ್‌ನಿಂದ ವೈರ್ ಎಳೆಸಿದೆವು. ಈ ಕೆಲಸಕ್ಕೆ ನೀವೇ ಕೈ ಹಾಕಬೇಡಿ.

ಯುಪಿಎಸ್ ಐಷಾರಾಮಿ ಅಲ್ಲ. 600 ವಿಎ ಅಂತ ಬರೆದಿದ್ದರೆ ಅದು 600 ವ್ಯಾಟ್ ಅಲ್ಲ, ಸಾಮಾನ್ಯವಾಗಿ 360 ವ್ಯಾಟ್. ನಮ್ಮ ಕಂಪ್ಯೂಟರಿಗೆ ಅಷ್ಟು ಸಾಕು. ಫೈಲ್ ಸೇವ್ ಮಾಡಿ ಸರಿಯಾಗಿ ಆಫ್ ಮಾಡೋಕೆ ಐದು ನಿಮಿಷ ಸಿಕ್ಕರೂ ದುಡ್ಡು ವಸೂಲ್. ಕೆಲವು ಅಗ್ಗದ ಯುಪಿಎಸ್‌ಗಳು ಕೆಲವು ಎಸ್‌ಎಂಪಿಎಸ್ ಜೊತೆ ಹೊಂದಲ್ಲ, ಕರೆಂಟ್ ಹೋದ ತಕ್ಷಣ ಕಂಪ್ಯೂಟರೂ ಆಫ್ ಆಗುತ್ತೆ. ಹಾಗಾಗಿ ಎರಡನ್ನೂ ಅಂಗಡಿಯಲ್ಲೇ ಜೋಡಿಸಿ, ಪ್ಲಗ್ ಕಿತ್ತು ಪರೀಕ್ಷೆ ಮಾಡಿ ತನ್ನಿ.

ಎರಡನೇ ಪ್ರತಿ

ಹಳೇ ಹಾರ್ಡ್ ಡಿಸ್ಕ್ ಸೆಕೆಂಡಿಗೆ ಸುಮಾರು 150 ಎಂಬಿ ಓದಿದರೆ, ಸಾಟಾ ಎಸ್‌ಎಸ್‌ಡಿ 550ರ ಹತ್ತಿರ, ಎನ್‌ವಿಎಂಇ ಎಸ್‌ಎಸ್‌ಡಿ ಸಾವಿರಗಳ ಲೆಕ್ಕದಲ್ಲಿ ಓದುತ್ತೆ. ಕೆಲಸ ನಡೆಯೋಕೆ 500 ಜಿಬಿ ಎನ್‌ವಿಎಂಇ ಹಾಕಿಸಿದೆವು. 1 ಟಿಬಿ ಹಾಕಿಸೋಣ ಅಂದಳು ತಂಗಿ. ಬೇಡ, ಆ ದುಡ್ಡಿಗೆ ಹೊರಗಿನ 2 ಟಿಬಿ ಹಾರ್ಡ್ ಡಿಸ್ಕ್ ತಗೋ ಅಂದೆ. ಒಂದೇ ದೊಡ್ಡ ಡಿಸ್ಕಿನಲ್ಲಿ ಎಲ್ಲ ಇಟ್ಟರೆ ಹೋಗುವಾಗಲೂ ಎಲ್ಲ ಒಟ್ಟಿಗೇ ಹೋಗುತ್ತೆ.

ಒಂದು ಫೈಲಿಗೆ ಮೂರು ಪ್ರತಿ, ಎರಡು ಬೇರೆ ಬೇರೆ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ. ಇದು ಹಳೇ ನಿಯಮ. ಕನಿಷ್ಠ ಎರಡು ಪ್ರತಿ ಇರಲೇಬೇಕು. ಎರಡನೇ ಡಿಸ್ಕ್ ಸದಾ ಕಂಪ್ಯೂಟರಿಗೆ ಚುಚ್ಚಿಕೊಂಡೇ ಇರಬಾರದು. ಚುಚ್ಚಿದ್ದರೆ ಸಿಡಿಲಿಗೂ ವೈರಸ್ಸಿಗೂ ಅದೂ ಒಂದೇ ತುತ್ತು.

ಲೆಕ್ಕ

ನಾವು ಹೋದ ದಿನ ನಮಗೆ ಬಿದ್ದ ಬೆಲೆ ಇದು. ನೀವು ಹೋದ ದಿನ ಬೇರೆ ಇರುತ್ತೆ. ಬೆಲೆಗಿಂತ ಹಂಚಿಕೆ ನೋಡಿ.

ಪ್ರೊಸೆಸರ್: 13,500
ಮದರ್‌ಬೋರ್ಡ್: 9,000
ರ್‍ಯಾಮ್, 8 ಜಿಬಿಯ ಎರಡು: 10,500
500 ಜಿಬಿ ಎನ್‌ವಿಎಂಇ: 5,500
2 ಟಿಬಿ ಹೊರಗಿನ ಡಿಸ್ಕ್: 7,000
ಎಸ್‌ಎಂಪಿಎಸ್: 4,000
ಕ್ಯಾಬಿನೆಟ್: 2,500
ಯುಪಿಎಸ್: 2,800
ಕೀಬೋರ್ಡ್, ಮೌಸ್: 1,200

ಒಟ್ಟು 56 ಸಾವಿರ. ಉಳಿದ ಎರಡು ಸಾವಿರ ಎಲೆಕ್ಟ್ರಿಷಿಯನ್‌ಗೆ, ವೈರಿಗೆ. ಮಾನಿಟರ್ ನನ್ನ ಹಳೇದು, 2021ರಲ್ಲಿ ಬದುಕುಳಿದದ್ದು ಅದೊಂದೇ. ಎಸ್‌ಎಂಪಿಎಸ್, ಯುಪಿಎಸ್, ಎರಡನೇ ಡಿಸ್ಕ್, ಅರ್ಥಿಂಗ್ ಸೇರಿ 15,800 ಆಯ್ತು, ಅಂದರೆ ಬಜೆಟ್ಟಿನ ಕಾಲು ಭಾಗಕ್ಕಿಂತ ಹೆಚ್ಚು. ಇದರಿಂದ ಕಂಪ್ಯೂಟರ್ ಒಂದು ಚೂರೂ ವೇಗ ಆಗಲ್ಲ. ಕೊಟೇಶನ್‌ಗಳಲ್ಲಿ ಮೊದಲು ಕತ್ತರಿ ಬೀಳೋದು ಇದಕ್ಕೇ.

ಕ್ಯಾಬಿನೆಟ್ಟಿನ ಮುಂದೆ ಗಾಜು ಬೇಡ, ಜಾಲರಿ ಇರಲಿ, ಗಾಳಿ ಆಡಬೇಕು. ‘ಅಣ್ಣ, ಇದಕ್ಕೆ ಲೈಟ್ ಬರಲ್ವಾ?’ ಅಂತ ಅವಳು ಸ್ವಲ್ಪ ಬೇಜಾರಾದಳು. ಅದು ನಿಜವಾದ ಆಸೆ, ನಗೋಕೆ ಏನಿಲ್ಲ. ಮುಂದಿನ ವರ್ಷ ಸಾವಿರ ರೂಪಾಯಿಗೆ ಲೈಟಿನ ಫ್ಯಾನ್ ಹಾಕೋಣ ಅಂದೆ.

ವಿಂಡೋಸ್ ಲೈಸೆನ್ಸಿಗೆ ಬಜೆಟ್ಟಿನಲ್ಲಿ ಜಾಗ ಇರಲಿಲ್ಲ. ಕಳ್ಳ ಪ್ರತಿ ಹಾಕೋದಕ್ಕಿಂತ ಲಿನಕ್ಸ್ ಮಿಂಟ್ ಹಾಕಿದೆವು. ಕೆಡೆನ್‌ಲೈವ್ ಅದರಲ್ಲಿ ಓಡುತ್ತೆ, ನುಡಿಯಲ್ಲಿ ಟೈಪ್ ಮಾಡಿ ರೂಢಿ ಇದ್ದವರಿಗೆ ಕೆಜಿಪಿ ಕೀಲಿಮಣೆ ವಿನ್ಯಾಸವೂ ಸಿಗುತ್ತೆ. ಅಡೋಬಿ ಸಾಫ್ಟ್‌ವೇರೇ ಬೇಕು ಅನ್ನೋರಿಗೆ ಇದು ಆಗಲ್ಲ, ಅದನ್ನೂ ಹೇಳಿಬಿಡ್ತೀನಿ.

ಬಿಲ್ ಬಿಡಬೇಡಿ, ಸ್ಕ್ರೂ ಡ್ರೈವರ್ ಬಿಡಬೇಡಿ

ಕಂಪ್ಯೂಟರ್ ಪಾರ್ಟುಗಳ ಮೇಲೆ ಶೇ. 18 ಜಿಎಸ್‌ಟಿ. ‘ಬಿಲ್ ಬೇಡ ಅಂದ್ರೆ ಕಮ್ಮಿ ಮಾಡ್ಕೊಡ್ತೀನಿ’ ಅನ್ನೋ ಮಾತು ಖಂಡಿತ ಬರುತ್ತೆ. ಆಸೆ ಆಗುತ್ತೆ, ನನಗೂ ಆಗಿತ್ತು. 2021ರಲ್ಲಿ ನನ್ನ ಬೋರ್ಡಿಗೆ ಇನ್ನೂ ವಾರಂಟಿ ಇತ್ತು, ಕೈಲಿ ಬಿಲ್ ಇರಲಿಲ್ಲ. ಅಸೆಂಬಲ್ ಮಾಡಿಸಿದ ಕಂಪ್ಯೂಟರಿಗೆ ಒಟ್ಟು ವಾರಂಟಿ ಅಂತ ಇರಲ್ಲ, ಪ್ರತಿ ಪಾರ್ಟಿಗೂ ಬೇರೆ ಬೇರೆ. ಬಿಲ್ಲಿನಲ್ಲಿ ಪ್ರತಿ ಪಾರ್ಟಿನ ಪೂರ್ತಿ ಮಾದರಿ ಹೆಸರು, ಸೀರಿಯಲ್ ನಂಬರ್ ಬರೆಸಿ. ಪೆಟ್ಟಿಗೆಗಳನ್ನ ಅಟ್ಟದ ಮೇಲೆ ಎತ್ತಿಡಿ.

ಇಷ್ಟು ಕಷ್ಟ ಯಾಕೆ, ಲ್ಯಾಪ್‌ಟಾಪ್ ತಗೊಂಡರಾಯ್ತು ಅಂತ ತಂಗಿಯ ಗೆಳತಿ ಕೇಳಿದಳು. ಓಡಾಡೋ ಕೆಲಸ ಇದ್ದರೆ ಹೌದು. ಆದರೆ ಇವತ್ತಿನ ಎಷ್ಟೋ ತೆಳು ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮ್ ಬೋರ್ಡಿಗೇ ಬೆಸುಗೆ ಆಗಿರುತ್ತೆ. ಫೋನುಗಳಲ್ಲಿ ಬ್ಯಾಟರಿ ಅಂಟಿಸಿರುತ್ತೆ. ಒಂದು ಪಾರ್ಟ್ ಹೋದರೆ ಪೂರ್ತಿ ಬದಲಿಸು ಅನ್ನೋ ವ್ಯಾಪಾರ. ಕೇಂದ್ರ ಸರ್ಕಾರ 2022ರ ಜುಲೈನಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿತು, ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ತೆರೆಯಿತು. ಐರೋಪ್ಯ ಒಕ್ಕೂಟ 2024ರಲ್ಲಿ ಇದಕ್ಕೆ ಕಾನೂನಿನ ರೂಪ ಕೊಟ್ಟಿತು. ನಮ್ಮಲ್ಲಿ ಪೋರ್ಟಲ್ ಇದೆ, ಕಂಪನಿಗಳನ್ನ ಕಟ್ಟಿಹಾಕುವ ಪ್ರತ್ಯೇಕ ಕಾಯ್ದೆ ಇಲ್ಲ. ಆ ಕಾಯ್ದೆ ಕೇಳಬೇಕಾದವರು ನಾವೇ. ಅಲ್ಲಿಯವರೆಗೆ ಡೆಸ್ಕ್‌ಟಾಪ್ ಒಂದರಲ್ಲಾದರೂ ಆ ಹಕ್ಕು ನಾಲ್ಕು ಸ್ಕ್ರೂ ದೂರದಲ್ಲಿದೆ. ರ್‍ಯಾಮ್ ಹೋದರೆ ರ್‍ಯಾಮ್, ಎಸ್‌ಎಂಪಿಎಸ್ ಹೋದರೆ ಎಸ್‌ಎಂಪಿಎಸ್.

ಅದಕ್ಕೇ ಅಂಗಡಿಯಲ್ಲಿ ಜೋಡಿಸೋಕೆ ಬಿಡದೆ ಪಾರ್ಟುಗಳನ್ನ ಊರಿಗೆ ತಗೊಂಡು ಹೋದೆವು. ಯುಪಿಎಸ್ ಪರೀಕ್ಷೆಗೆ ಅಂತ ಅಲ್ಲಿ ಅರ್ಧ ಗಂಟೆ ಜೋಡಿಸಿದ್ದನ್ನ ಮತ್ತೆ ಬಿಚ್ಚಿಸಿದಾಗ ಅಂಗಡಿಯವರು ನಮ್ಮನ್ನ ವಿಚಿತ್ರವಾಗಿ ನೋಡಿದರು. ಚಿಕ್ಕಮ್ಮನ ಮನೆಯ ಜಗುಲಿಯಲ್ಲಿ ಮೂವರೂ ಕೂತು ಜೋಡಿಸಿದರು, ನಾನು ದೂರ ಕೂತು ಹೇಳ್ತಾ ಇದ್ದೆ. ಮೂರು ಗಂಟೆ ಹಿಡಿಯಿತು. ಮೊದಲ ಸಲ ಆನ್ ಆಗಲಿಲ್ಲ. ರ್‍ಯಾಮ್ ಪೂರ್ತಿ ಕೂತಿಲ್ಲ ಅಂತ ಕಂಡುಹಿಡಿದದ್ದು ನಾನಲ್ಲ, ಲ್ಯಾಪ್‌ಟಾಪ್ ತಗೋಳೋಣ ಅಂದಿದ್ದ ಹುಡುಗಿ.

ಹೋದ ವಾರ ತಂಗಿ ಫೋನ್ ಮಾಡಿದ್ದಳು. ಮಳೆ, ಕರೆಂಟ್ ಮೂರು ಸಲ ಹೋಯ್ತಂತೆ. ‘ಏನೂ ಆಗಿಲ್ಲ ಅಣ್ಣ. ಭಾನುವಾರ ಎರಡನೇ ಡಿಸ್ಕಿಗೆ ಎಲ್ಲ ಹಾಕಿ, ಶಿಲ್ಪನ ಮನೇಲಿ ಇಟ್ಟು ಬಂದಿದ್ದೀನಿ’ ಅಂದಳು. ಅವಳ ಹತ್ರ ಈಗ 11 ಸಂದರ್ಶನ ಇವೆ. ಅದರಲ್ಲಿ ಎರಡು, ನಾನು 2019ರಲ್ಲಿ ಮಾತಾಡಿಸಿದ್ದ ಮನೆಗಳದ್ದೇ. ಅಪ್ಪನ ಬದಲು ಮಗ ಮಾತಾಡಿದ್ದಾನೆ. ನನ್ನ ಸುಟ್ಟ ಡಿಸ್ಕ್ ಇನ್ನೂ ಬೀರುವಿನಲ್ಲಿದೆ, ಬಿಸಾಕೋಕೆ ಮನಸ್ಸಾಗಿಲ್ಲ.